ನೋವು ನಿಂತ ಹಲ್ಲು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರಲ್ಲಿ ಕುಟುಂಬಶ್ರೀ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರು ಮತ್ತು ಊರವರ ಮುಂದೆ ದಂತವೈದ್ಯೆಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಅಮ್ಮಂದಿರೇ, ಅಕ್ಕಂದಿರೇ, ತೋಟದ ಕೆಲಸ ಬಿಟ್ಟು ಬಂದಿರುವ ಹಿರಿಯರೇ, ಎಲ್ಲರಿಗೂ ನಮಸ್ಕಾರ.

ಹಲ್ಲಿಗೆ ಮನೆಮದ್ದು ಸಾಕೇ, ಡಾಕ್ಟರರ ಬಳಿ ಹೋಗಲೇಬೇಕೇ ಎಂಬ ಪ್ರಶ್ನೆಯನ್ನು ಕೊಟ್ಟು ನನ್ನನ್ನು ಕರೆದಿದ್ದೀರಿ. ನನ್ನ ಬಾಯಿಯಲ್ಲೇ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ನನಗೆ ಆಗ ಹತ್ತು ವರ್ಷ. ಕೆಳದವಡೆಯ ಬಲಬದಿಯ ಹಲ್ಲೊಂದು ಮೂರು ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಅಜ್ಜಿ ಲವಂಗ ಜಜ್ಜಿ ಇಟ್ಟರು, ಉಪ್ಪುನೀರು ಮುಕ್ಕಳಿಸಲು ಹೇಳಿದರು, ಪೇರಳೆಯ ಚಿಗುರು ಜಗಿಯಲು ಕೊಟ್ಟರು. ಯಾವುದಕ್ಕೂ ಬಗ್ಗಲಿಲ್ಲ. ನಾಲ್ಕನೆಯ ದಿನ, ಹಲ್ಲಿನ ಹುಳ ತೆಗೆಯುವ ಅಜ್ಜರೊಬ್ಬರನ್ನು ಕರೆಸಿದರು. ಅಂಗಳದಲ್ಲಿ ನೀರು ತುಂಬಿದ ಹರಿವಾಣ. ಅದರ ನಡುವೆ ಮಡಕೆಯ ಚೂರಿನಲ್ಲಿ ನಿಗಿನಿಗಿ ಕೆಂಡ. ಕೆಂಡದ ಮೇಲೆ ತುಪ್ಪ ಸವರಿದ ನೆಲಗುಳ್ಳದ ಬೀಜ ಉದುರಿಸಿ, ಕಣ್ಣು ತೂತು ಮಾಡಿದ ತೆಂಗಿನ ಗೆರಟೆಯನ್ನು ಕವುಚಿ ಹಾಕಿದರು. ತೂತಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟು. ದಂಟಿನಿಂದ ಬರುವ ಹೊಗೆಯನ್ನು ನಾನು ಹುಳುಕು ಹಲ್ಲಿಗೆ ತಾಗಿಸಿಕೊಳ್ಳಬೇಕು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಕೊನೆಗೆ ಗೆರಟೆ ಎತ್ತಿದಾಗ ಹರಿವಾಣದ ನೀರಿನಲ್ಲಿ ಬಿಳಿಬಿಳಿಯಾದ ಸಣ್ಣ ಎಳೆಗಳು ತೇಲುತ್ತಿದ್ದವು. ತುದಿ ಬಾಗಿದ, ನೋಡಿದರೆ ಹುಳುವೆಂದೇ ಅನಿಸುವ ಎಳೆಗಳು. ಮರುದಿನ ನೋವು ಇರಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ದಂತವೈದ್ಯಕೀಯ ಓದುತ್ತಿದ್ದಾಗ ರಜೆಯಲ್ಲಿ ಊರಿಗೆ ಬಂದವಳು ಅದೇ ಏರ್ಪಾಡನ್ನು ಅದೇ ಅಂಗಳದಲ್ಲಿ ಮಾಡಿದೆ. ಕೆಂಡ, ತುಪ್ಪ, ಬೀಜ, ಗೆರಟೆ ಎಲ್ಲವೂ ಇತ್ತು. ಬಾಯಿ ಮಾತ್ರ ಇರಲಿಲ್ಲ. ಹೊಗೆ ಗಾಳಿಗೆ ಹೋಯಿತು. ಗೆರಟೆ ಎತ್ತಿದರೆ ನೀರಿನಲ್ಲಿ ಅವೇ ಬಿಳಿ ಎಳೆಗಳು. ಗುಳ್ಳದ ಬೀಜದೊಳಗೆ ಸುರುಳಿ ಸುತ್ತಿಕೊಂಡ ಮೊಳಕೆಯ ಕುಡಿ ಇರುತ್ತದೆ. ಕಾವಿಗೆ ಬೀಜ ಒಡೆದಾಗ ಅದು ಹೊರಗೆ ಸಿಡಿಯುತ್ತದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹರಿವಾಣವನ್ನೇ ನೋಡಿದರು. ಆಮೇಲೆ ಕೇಳಿದರು: "ಹಾಗಾದರೆ ಅಂದು ನಿನ್ನ ನೋವು ಹೋದದ್ದು ಹೇಗೆ ಕೂಸೇ?"

ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಎದುರಾದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಅದರ ಉತ್ತರ ನಿಮಗೆ ಗೊತ್ತಾಗಲಿ ಎಂದೇ ಇಲ್ಲಿಗೆ ಬಂದಿದ್ದೇನೆ.

ಹಲ್ಲಿನ ಹೊರಗಿನ ಬಿಳಿ ಚಿಪ್ಪಿಗೆ ಎನಾಮಲ್ ಎನ್ನುತ್ತೇವೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ಆದರೆ ಒಡೆದ ಮೂಳೆ ಕೂಡುವ ಹಾಗೆ ತೂತಾದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗೆ ಡೆಂಟೀನ್ ಎಂಬ ಪದರ, ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ಮೆದು ತಿರುಳು. ಹುಳುಕು ಆ ತಿರುಳನ್ನು ಮುಟ್ಟಿದಾಗ ಅದು ಊದಿಕೊಳ್ಳುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಹಲ್ಲಿನೊಳಗೆ ಸುತ್ತಲೂ ಗೋಡೆ, ಹಿಗ್ಗಲು ಜಾಗವಿಲ್ಲ. ಅದಕ್ಕೇ ಅಷ್ಟು ನೋವು. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ಇನ್ನೂ ಜಾಸ್ತಿ. ಕೆಲವು ದಿನಗಳಲ್ಲಿ ಆ ಇಕ್ಕಟ್ಟಿನೊಳಗೆ ತಿರುಳು ಸತ್ತುಹೋಗುತ್ತದೆ. ಸತ್ತ ನರಕ್ಕೆ ನೋವಿಲ್ಲ. ನನ್ನ ಹಲ್ಲಿನ ನರ ಸತ್ತ ದಿನ ಹೊಗೆಯ ಅಜ್ಜ ಬಂದಿದ್ದರು, ಅಷ್ಟೇ. ಬಾರದಿದ್ದರೂ ನೋವು ಹೋಗುತ್ತಿತ್ತು.

ನೋವು ಹೋದ ಮೇಲೂ ಹುಳುಕಿನೊಳಗಿನ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಸುಮ್ಮನಿರಲಿಲ್ಲ. ಸತ್ತ ತಿರುಳಿನ ದಾರಿಯಲ್ಲಿ ಬೇರಿನ ತುದಿಗೆ ಇಳಿದು ಎಲುಬಿನಲ್ಲಿ ಕೀವು ಕಟ್ಟಿದವು. ಎರಡು ವರ್ಷದ ನಂತರ ಒಂದು ಮಳೆಗಾಲದ ರಾತ್ರಿ ನನ್ನ ಕೆನ್ನೆ ತೆಂಗಿನಕಾಯಿಯಂತೆ ಊದಿತು, ಜ್ವರ ಬಂತು, ಬಾಯಿ ತೆರೆಯಲಾಗಲಿಲ್ಲ. ಬೆಳಗಾಗುವ ತನಕ ಕಾದು ಜೀಪಿನಲ್ಲಿ ಮಂಗಳೂರಿಗೆ ಕರೆದೊಯ್ದರು. ಹಲ್ಲು ಕೀಳಬೇಕಾಯಿತು. ಆ ಎಡೆ ಇಂದಿಗೂ ಖಾಲಿ ಇದೆ. ಹಿಂದಿನ ಹಲ್ಲು ಅದರ ಮೇಲೆ ಓರೆಯಾಗಿ ವಾಲಿಕೊಂಡಿದೆ.

ಇನ್ನೊಂದು ಮಾತು. ಮನೆಯವರು ಅದನ್ನು ಹಾಲುಹಲ್ಲು ಎಂದೇ ತಿಳಿದಿದ್ದರು, ಬಿದ್ದು ಹೊಸದು ಬರುತ್ತದೆ ಎಂದುಕೊಂಡಿದ್ದರು. ಇಲ್ಲಿರುವ ತಾಯಂದಿರು ದಯವಿಟ್ಟು ಗಮನಿಸಿ. ಮಗುವಿಗೆ 6 ವರ್ಷವಾಗುವ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಮೇಲೆರಡು, ಕೆಳಗೆರಡು. ಏನೂ ಬೀಳದೆ ಬಂದದ್ದರಿಂದ ಅದು ಬಂದದ್ದೇ ಮನೆಯಲ್ಲಿ ಗೊತ್ತಾಗುವುದಿಲ್ಲ. ಅದು ಶಾಶ್ವತ ಹಲ್ಲು. ಅದು ಹೋದರೆ ಬೇರೆ ಬರುವುದಿಲ್ಲ. ನನ್ನ ಬಳಿಗೆ ಬರುವ ಮಕ್ಕಳಲ್ಲಿ ಮೊದಲು ಹುಳುಕಾಗುವ ಶಾಶ್ವತ ಹಲ್ಲು ಹೆಚ್ಚಾಗಿ ಅದೇ. ಆಳವಾದ ಗೆರೆಗಳಿರುವ ಹಲ್ಲದು, ಬಿಸ್ಕತ್ತು, ಚಾಕಲೇಟು ಅಲ್ಲೇ ಅಂಟಿ ಕೂರುತ್ತವೆ. ಮೂಡಿದ ಹೊಸತರಲ್ಲೇ ತೋರಿಸಿದರೆ ಆ ಗೆರೆಗಳನ್ನು ಅಂಟಿನಂಥ ಪದಾರ್ಥದಿಂದ ಮುಚ್ಚಿಬಿಡಬಹುದು. ಕೊರೆಯುವುದೂ ಇಲ್ಲ, ಚುಚ್ಚುವುದೂ ಇಲ್ಲ, ಹತ್ತಿಪ್ಪತ್ತು ನಿಮಿಷದ ಕೆಲಸ.

ಇಷ್ಟು ಹೇಳಿದ ಮೇಲೆ ನಾನು ಮನೆಮದ್ದಿನ ವೈರಿ ಎಂದು ತಿಳಿಯಬೇಡಿ. ಲವಂಗದಲ್ಲಿ ಯೂಜಿನಾಲ್ ಎಂಬ ಎಣ್ಣೆಯಂಶವಿದೆ, ಅದು ನರವನ್ನು ನಿಜವಾಗಿಯೂ ಜೋಮು ಹಿಡಿಸುತ್ತದೆ. ನಾವು ತಾತ್ಕಾಲಿಕವಾಗಿ ಹಲ್ಲಿಗೆ ತುಂಬುವ ಸಿಮೆಂಟೊಂದರಲ್ಲಿಯೂ ಅದೇ ಇದೆ. ದಂತ ಚಿಕಿತ್ಸಾಲಯಕ್ಕೆ ಹೊಕ್ಕ ಕೂಡಲೇ ಮೂಗಿಗೆ ಬಡಿಯುವ ವಾಸನೆ ಲವಂಗದ್ದೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದನ್ನು ಹಲ್ಲು ಕಿತ್ತ ಮರುದಿನದಿಂದ ನಾನೂ ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೆ ನೋವು ಬಂದರೆ ಬೆಳಗಿನವರೆಗೆ ದಾಟಿಸಲು ಇವು ಒಳ್ಳೆಯ ಜೊತೆ. ಬೆಳಗಾದ ಮೇಲೆ ಹೊರಡಬೇಕು.

ನಮ್ಮ ಕಡೆ ಹಲ್ಲುಜ್ಜಲು ಬಳಸುವ ಹಣ್ಣಾದ ಮಾವಿನೆಲೆ, ಉಮಿಕರಿ ಅಂದರೆ ಸುಟ್ಟ ಭತ್ತದ ಹೊಟ್ಟು, ಇವುಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಾವಿನೆಲೆಯ ನಾರು ಹಲ್ಲಿನ ಮುಂಭಾಗದ ಪಾಚಿಯನ್ನು ಒರೆಸುತ್ತದೆ, ಸಂದಿಗೆ ಮತ್ತು ಹಿಂದಿನ ದವಡೆಗೆ ತಲುಪುವುದಿಲ್ಲ. ಉಮಿಕರಿ ಬೇರೆ ಬಗೆಯದು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಜಾತಿಯ ವಸ್ತು. ಸುಟ್ಟರೂ ಅದು ಉಳಿಯುತ್ತದೆ. ಉಪ್ಪು ಸೇರಿಸಿ ದಿನವೂ ಗಸಗಸ ತಿಕ್ಕಿದರೆ ಹಲ್ಲು ಬೆಳ್ಳಗೆ ಕಾಣುತ್ತದೆ ನಿಜ, ಪಾತ್ರೆ ತಿಕ್ಕಿದ ಹಾಗೆ ಮೇಲಿನ ಪದರವೂ ಸವೆಯುತ್ತದೆ. ಅರವತ್ತು ದಾಟಿದವರ ಬಾಯಿಯಲ್ಲಿ ವಸಡಿನ ಅಂಚಿಗೆ, ಕೊಡಲಿಯಿಂದ ಕಚ್ಚು ಹಾಕಿದ ಹಾಗೆ ಹಲ್ಲು ಕೊರೆದುಹೋದದ್ದನ್ನು ನಾನು ಎಷ್ಟೋ ನೋಡಿದ್ದೇನೆ. ಗಡುಸು ಬ್ರಷ್ಷಿನಿಂದ ಅಡ್ಡಡ್ಡ ಉಜ್ಜುವವರಿಗೂ ಇದೇ ಗತಿ.

"ಹಿಂದಿನವರು ಹೀಗೇ ಮಾಡುತ್ತಿದ್ದರು" ಎನ್ನುವವರಿಗೆ ಹಿಂದಿನವರು ಬರೆದಿಟ್ಟದ್ದನ್ನೇ ತೋರಿಸುತ್ತೇನೆ. ವಾಗ್ಭಟನ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದಲ್ಲಿ ದಿನಚರ್ಯೆಯ ಅಧ್ಯಾಯವಿದೆ. ಹಲ್ಲುಜ್ಜುವ ಕಡ್ಡಿ ಕಿರುಬೆರಳಿನಷ್ಟು ದಪ್ಪ, ಹನ್ನೆರಡು ಅಂಗುಲ ಉದ್ದ, ತುದಿ ಮೃದುವಾಗಿರಬೇಕು. ಬೆಳಿಗ್ಗೆ ಒಮ್ಮೆ, ಉಂಡ ಮೇಲೆ ಒಮ್ಮೆ ಉಜ್ಜಬೇಕು. ವಸಡಿಗೆ ಪೆಟ್ಟಾಗಬಾರದು. ಬಾಯಿಹುಣ್ಣು ಇದ್ದವರು, ಜ್ವರ ಬಂದವರು ಕಡ್ಡಿ ಮುಟ್ಟಬಾರದು. ನಾನು ದಿನವೂ ರೋಗಿಗಳಿಗೆ ಹೇಳುವುದೂ ಬಹುಪಾಲು ಇದನ್ನೇ: ಮೃದುವಾದ ಬ್ರಷ್, ದಿನಕ್ಕೆ ಎರಡು ಸಲ, ಎರಡು ನಿಮಿಷ, ವಸಡಿಗೆ ನೋವಾಗದಂತೆ. ಇದಕ್ಕೆ ನಮ್ಮ ಕಾಲ ಸೇರಿಸಿದ್ದು ಫ್ಲೋರೈಡ್ ಇರುವ ಪೇಸ್ಟ್. ಅದು ಮೆತ್ತಗಾಗತೊಡಗಿದ ಎನಾಮಲ್ಲನ್ನು ತೂತಾಗುವ ಮೊದಲೇ ಮತ್ತೆ ಗಟ್ಟಿಮಾಡುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ತೆಂಗಿನೆಣ್ಣೆ ಬಾಯಿಯಲ್ಲಿ ಹಾಕಿ ಮುಕ್ಕಳಿಸುವವರು ಮುಕ್ಕಳಿಸಿ, ಬ್ರಷ್ ಮಾತ್ರ ಬಿಡಬೇಡಿ.

ಕೆಲವನ್ನು ಮಾತ್ರ ಮಾಡಲೇಬೇಡಿ. ಲಿಂಬೆಹುಳಿಯಿಂದ ಹಲ್ಲು ತಿಕ್ಕಬೇಡಿ, ಹುಳಿ ಎನಾಮಲ್ಲನ್ನು ಕರಗಿಸುತ್ತದೆ. ನೋವಿನ ಮಾತ್ರೆಯನ್ನು ನುಂಗುವ ಬದಲು ಹಲ್ಲಿನ ಬುಡದಲ್ಲಿ ಇಟ್ಟುಕೊಂಡು ವಸಡು ಸುಟ್ಟುಕೊಂಡವರು ಬರುತ್ತಾರೆ. ಸೀಮೆಎಣ್ಣೆ ಹಚ್ಚಿದವರೂ ಬಂದಿದ್ದಾರೆ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಊತ ಗಲ್ಲದ ಕೆಳಗೆ, ಕುತ್ತಿಗೆಯ ಕಡೆಗೆ ಇಳಿದು ನುಂಗಲು ಕಷ್ಟವಾದರೆ ಗಂಟೆ ಎಷ್ಟೆಂದು ನೋಡದೆ ಆಸ್ಪತ್ರೆಗೆ ಹೋಗಿ. ಅದು ಪ್ರಾಣಕ್ಕೆ ಬರುವ ಊತ.

ಕಾಸರಗೋಡಿನ ಕನ್ನಡಿಗರಾದ ನಮಗೆ ಇನ್ನೊಂದು ಕಷ್ಟ ಇದೆ. ಆಸ್ಪತ್ರೆಯ ಕೌಂಟರಿನಲ್ಲಿ ಮಲಯಾಳದಲ್ಲಿ "ಪಲ್ಲುವೇದನ" ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ನಮ್ಮ ಭಾಷೆಯಲ್ಲಿ ನೋವಿಗೆ ಎಷ್ಟೊಂದು ಮಾತುಗಳಿವೆ, ಅವುಗಳಲ್ಲೇ ಅರ್ಧ ರೋಗನಿರ್ಣಯ ಇದೆ. ತಣ್ಣೀರು ಕುಡಿದಾಗ ಜುಮ್ಮೆಂದು ತಕ್ಷಣ ಹೋದರೆ ತಿರುಳು ಇನ್ನೂ ಜೀವಂತ, ಹೆಚ್ಚಾಗಿ ಸಿಮೆಂಟು ತುಂಬಿದರೆ ಸಾಕು. ಬಿಸಿ ಚಹಾಕ್ಕೆ ಶುರುವಾದ ನೋವು ಲೋಟ ಕೆಳಗಿಟ್ಟ ಮೇಲೂ ಸೆಳೆಯುತ್ತಲೇ ಇದ್ದರೆ, ರಾತ್ರಿ ನಾಡಿಯಂತೆ ಮಿಡಿದರೆ, ತಿರುಳು ಸಾಯುವ ಹಾದಿಯಲ್ಲಿದೆ, ಆ ತಿರುಳನ್ನು ತೆಗೆದು ಬೇರಿನ ಒಳಗನ್ನು ತುಂಬುವ ರೂಟ್ ಕೆನಾಲ್ ಚಿಕಿತ್ಸೆ ಬೇಕಾಗಬಹುದು. ಹಲ್ಲು ಉದ್ದವಾದಂತೆ ಅನಿಸಿ, ಕಚ್ಚಿದರೆ ಜೀವ ಹೋದಂತಾದರೆ ಬೇರಿನ ತುದಿಯಲ್ಲಿ ಕೀವು. ಜುಮ್ಮೆನ್ನುವುದು, ಸೆಳೆಯುವುದು, ಮಿಡಿಯುವುದು, ಕಚ್ಚಿದರೆ ಮಾತ್ರ ನೋಯುವುದು, ಇವನ್ನು ನಿಮ್ಮದೇ ಮಾತಿನಲ್ಲಿ, ತುಳುವಿನಲ್ಲಾದರೂ ಸರಿ, ಬಿಡಿಸಿ ಹೇಳಿ. ಎದುರಿಗಿರುವವರಿಗೆ ಭಾಷೆ ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹಲ್ಲು ಕ್ಲೀನ್ ಮಾಡಿಸಿದರೆ ಅಲುಗಾಡುತ್ತದೆ ಎಂಬ ಹೆದರಿಕೆ ಈ ಊರಿನಲ್ಲಿ ಬಹಳ. ಹೀಗಾಗುತ್ತದೆ: ಉಜ್ಜದೆ ಉಳಿದ ಪಾಚಿ ಗಟ್ಟಿಯಾಗಿ ಗಾರೆಯಂತೆ ಕೂರುತ್ತದೆ. ಅದರ ಅಡಿಯಲ್ಲಿ ವಸಡು ಊದಿ, ಹಲ್ಲನ್ನು ಹಿಡಿದ ಎಲುಬು ನಿಧಾನವಾಗಿ ಕರಗುತ್ತದೆ. ಎಲುಬು ಹೋದ ಜಾಗದಲ್ಲಿ ಗಾರೆಯೇ ಹಲ್ಲಿಗೆ ಆನಿಕೆಯಾಗಿ ನಿಂತಿರುತ್ತದೆ. ಅದನ್ನು ತೆಗೆದಾಗ ಮೊದಲೇ ಸಡಿಲವಾಗಿದ್ದ ಹಲ್ಲು ಅಲುಗಾಡುವುದು ಗೊತ್ತಾಗುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಎಂಬುದಂತೂ ಸುಳ್ಳು. ಸಕ್ಕರೆ ಕಾಯಿಲೆ ಇರುವವರು ವಸಡಿನಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಸಕ್ಕರೆ ಹೆಚ್ಚಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಅಡಿಕೆಯ ಮಾತನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ನನ್ನನ್ನು ಓದಿಸಿದ್ದು ಅಡಿಕೆ ತೋಟವೇ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿದೆ. ಎಲೆಅಡಿಕೆ ಹಲ್ಲು ಗಟ್ಟಿಮಾಡುತ್ತದೆ ಎಂದು ಹಿರಿಯರು ಹೇಳುವಾಗ ನಾನು ಅವರ ಕೆನ್ನೆಯ ಒಳಭಾಗವನ್ನು ನೋಡುತ್ತೇನೆ. ಅಡಿಕೆಯಿಂದ ಬಾಯಿ ಬಿಗಿದಿದೆಯೇ ಎಂದು ತಿಳಿಯಲು, ಈಗ ಎಲ್ಲರೂ ನಿಮ್ಮ ನಡುವಿನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ನಿಲ್ಲುವಂತೆ ಹಿಡಿದು, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಹೋಗುತ್ತದೆಯೇ? ಎರಡೇ ಬೆರಳು ಹೋಗುವವರು, ಖಾರ ತಾಗಿದರೆ ಬಾಯಿ ಉರಿಯುವವರು, ಕೆನ್ನೆಯೊಳಗೆ ಹಗ್ಗದಂಥ ಗಟ್ಟಿ ಪಟ್ಟಿ ಸಿಗುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಎರಡು ವಾರದಲ್ಲಿ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದ್ದವರೂ ಅಷ್ಟೇ. ಇಂಥ ಹುಣ್ಣು, ಮಚ್ಚೆಗಳು ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ, ಅದಕ್ಕೇ ಯಾರೂ ತೋರಿಸುವುದಿಲ್ಲ.

ಹಣದ ಪ್ರಶ್ನೆ ನಿಜವಾದದ್ದು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಮಂಗಳೂರಿಗೋ ಕಾಸರಗೋಡಿಗೋ ಹೋಗಬೇಕು. 2020ರ ಲಾಕ್‌ಡೌನಿನಲ್ಲಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ರಾಜ್ಯಗಡಿ ಮುಚ್ಚಿದಾಗ ವಾರಗಟ್ಟಲೆ ಲವಂಗದ ಮೇಲೆ ದಿನ ದೂಡಿದವರು ಇಲ್ಲೇ ಇದ್ದೀರಿ. ಆದರೆ ಲೆಕ್ಕ ಹಾಕಿ ನೋಡಿ: ಸಣ್ಣ ತೂತಿಗೆ ಸಿಮೆಂಟು ಹಾಕಿಸಲು ಒಂದು ಭೇಟಿ, ಅದನ್ನೇ ಬಿಟ್ಟರೆ ರೂಟ್ ಕೆನಾಲಿಗೆ ಎರಡು ಮೂರು ಭೇಟಿ, ಮೇಲೊಂದು ಕ್ಯಾಪ್. ಇನ್ನೂ ಬಿಟ್ಟರೆ ಹಲ್ಲೇ ಇಲ್ಲ. ವರ್ಷಕ್ಕೊಮ್ಮೆಯಾದರೂ, ನೋವಿಲ್ಲದಾಗ, ಸರಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಬಾಯಿ ತೆರೆದು ತೋರಿಸಿ ಬನ್ನಿ. ಹಲ್ಲು ಹೋದ, 60 ದಾಟಿದ, ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಕೇರಳ ಸರಕಾರ ಉಚಿತ ದಂತಪಂಕ್ತಿ ಕೊಡುವ "ಮಂದಹಾಸಂ" ಯೋಜನೆ ಇದೆ. ಅರ್ಜಿ ಬರೆಯಲು ಕುಟುಂಬಶ್ರೀಯ ಅಕ್ಕಂದಿರು ನೆರವಾಗುತ್ತೀರೆಂದು ನಂಬಿದ್ದೇನೆ.

ಹಿಂದಿನ ಕೋಣೆಯಲ್ಲಿ ಕುರ್ಚಿ, ಟಾರ್ಚು, ಕನ್ನಡಿ ಸಿದ್ಧ ಇವೆ. ಆರು, ಏಳು ವರ್ಷದ ಮಕ್ಕಳನ್ನು ಮೊದಲು ಕರೆತನ್ನಿ. ಆ ದವಡೆ ಹಲ್ಲು ಎಲ್ಲಿದೆ ಎಂದು ಒಬ್ಬೊಬ್ಬ ತಾಯಿಗೂ ಬೆರಳಿಟ್ಟು ತೋರಿಸುತ್ತೇನೆ.