ಮೊಬೈಲಿನ ಮಾರಿಯೋ, ಡಬ್ಬಾ ಟಿವಿಯ ಮಾರಿಯೋ

ಕೇಳುಗರಿಗೆ ನಮಸ್ಕಾರ.

ಮಾರಿಯೋ ಆಟ ಈಗ ಯಾವ ಮೊಬೈಲಿನಲ್ಲಾದರೂ ಓಡುತ್ತದೆ. ಅಂಥಾದ್ದರಲ್ಲಿ ಹಳೆಯ ವಿಡಿಯೋ ಗೇಮ್ ಸೆಟ್ಟನ್ನು ಅಟ್ಟದಿಂದ ಇಳಿಸಿ, ಅದಕ್ಕೊಂದು ಅಡಾಪ್ಟರ್ ಹುಡುಕಿ, ಡಬ್ಬಾ ಟಿವಿಗೆ ವೈರ್ ಸಿಕ್ಕಿಸಿ ಕೂರುವವನನ್ನು ನೋಡಿದರೆ ಮನೆಯವರಿಗೆ ಅನುಮಾನ ಬರುವುದು ಸಹಜ. "ತಲೆ ನೆಟ್ಟಗಿದೆಯೇನ್ರೀ?" ಅಂತ ನಮ್ಮ ಮನೆಯಲ್ಲೂ ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊಬೈಲಿನಲ್ಲಿರುವ ಮಾರಿಯೋ ನಾವು ದಾವಣಗೆರೆಯಲ್ಲಿ ಆಡಿದ ಮಾರಿಯೋ ಅಲ್ಲ.

ಆಟವೇನೋ ಅದೇ. ಜಪಾನಿನ ನಿಂಟೆಂಡೊ ಕಂಪನಿ 1985ರ ಸೆಪ್ಟೆಂಬರ್ 13ರಂದು ಬಿಡುಗಡೆ ಮಾಡಿದ ಸೂಪರ್ ಮಾರಿಯೋ ಬ್ರದರ್ಸ್. ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಆ ಟಣ್ ಟಣ್ ಸಂಗೀತ ಕೋಜಿ ಕೊಂಡೊ ಅವರದು. ಇಡೀ ಆಟ 40 ಕಿಲೋಬೈಟ್, ಅಷ್ಟೇ! ವಾಟ್ಸಾಪಿನಲ್ಲಿ ದಿನಾ ಬರುವ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಅವರು ಮೋಡವನ್ನೂ ಪೊದೆಯನ್ನೂ ಒಂದೇ ಚಿತ್ರದಿಂದ ಮಾಡಿದರು. ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ನಂಬಿಕೆ ಬಾರದಿದ್ದರೆ ಮುಂದಿನ ಸಲ ಆಡುವಾಗ ಗಮನಿಸಿ.

ಆ ಆಟಕ್ಕೆಂದು ಇದ್ದ ಯಂತ್ರ 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಮನೆಗಳಿಗೆ ಬಂದದ್ದು ಅದರ ನಕಲು. ಬಿಚ್ಚಿ ನೋಡಿದರೆ ಎಷ್ಟೋ ಸೆಟ್ಟುಗಳಲ್ಲಿ ಚಿಪ್ ಕಾಣುವುದೇ ಇಲ್ಲ, ಒಂದು ಕಪ್ಪು ಅಂಟಿನ ಬೊಟ್ಟು ಇರುತ್ತದೆ. ಇಡೀ ಯಂತ್ರ ಅದರ ಕೆಳಗೆ ಅಡಗಿದೆ. "ಒರಿಜಿನಲ್ ಅಲ್ಲವಲ್ಲ" ಅಂತ ಮೂಗು ಮುರಿಯುವವರು ಇದ್ದಾರೆ. ಮುರಿಯಲಿ ಬಿಡಿ. ನಾವು ಕಂಡದ್ದು ಅದನ್ನೇ, ನಮ್ಮ ಪಾಲಿಗೆ ಅದೇ ಒರಿಜಿನಲ್.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿದ್ದವು. ನಮ್ಮ ದೇಶದ್ದು ಪಾಲ್ ಎನ್ನುವ ಟಿವಿ ಪದ್ಧತಿ, ಸೆಕೆಂಡಿಗೆ 50 ಸಲ. ಮಾರಿಯೋ ಆಟಕ್ಕೆ ಬೇರೆ ಗಡಿಯಾರ ಇಲ್ಲ. ಟಿವಿಗೆ ಒಂದು ಚಿತ್ರ ಹೋದರೆ ಆಟ ಒಂದು ಹೆಜ್ಜೆ ಮುಂದೆ. ಹಾಗಾಗಿ ಪಾಲ್ ಟಿವಿಗೆಂದೇ ಮಾಡಿದ ನಕಲಿ ಸೆಟ್ಟುಗಳಲ್ಲಿ ಅದೇ ಜಪಾನಿ ಆಟ ನಿಧಾನವಾಗಿ ಓಡುತ್ತಿತ್ತು. ಎಷ್ಟು ನಿಧಾನ? ಮೊದಲ ಹಂತದಲ್ಲಿ ಮೇಲೆ 400 ಅಂತ ಟೈಮ್ ಇರುತ್ತದಲ್ಲ, ಅದು 24 ಚಿತ್ರಕ್ಕೆ ಒಂದರಂತೆ ಇಳಿಯುತ್ತದೆ. ಜಪಾನಿನ ಹುಡುಗನಿಗೆ ಅದು ಸುಮಾರು 160 ಸೆಕೆಂಡಿನಲ್ಲಿ ಮುಗಿಯುತ್ತದೆ. ಇಲ್ಲಿನ ಹುಡುಗನಿಗೆ ಸುಮಾರು 192. ಅರ್ಧ ನಿಮಿಷ ಜಾಸ್ತಿ! ಮಾರಿಯೋ ನೆಗೆತವೂ ಅಷ್ಟೇ ನಿಧಾನ, ಹಾಡೂ ಅಷ್ಟೇ ನಿಧಾನ. ಮೊಬೈಲಿನಲ್ಲಿ ಆಡಿ "ಏನೋ ಅವಸರ ಮಾಡ್ತಿದೆ ಅಲ್ವಾ" ಅಂತ ನಿಮಗೆ ಅನ್ನಿಸಿದ್ದರೆ ಅದು ವಯಸ್ಸಾದದ್ದರಿಂದಲ್ಲ. ಮೊಬೈಲು ಜಪಾನಿನ ಲೆಕ್ಕದಲ್ಲಿ ಓಡಿಸುತ್ತಿದೆ. ನಿಮ್ಮ ಹೆಬ್ಬೆರಳು ಇನ್ನೂ ದಾವಣಗೆರೆ ಲೆಕ್ಕದಲ್ಲಿದೆ.

ಸೆಟ್ಟನ್ನೇ ತಂದು ಹೊಸ ಎಲ್‌ಇಡಿ ಟಿವಿಗೆ ಹಾಕಿದರೆ ಆಯಿತಲ್ಲ ಅನ್ನಬಹುದು. ಹಾಕಿ ನೋಡಿ. ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಗೆರೆ ಗೆರೆಯಾಗಿ ಪರದೆಯ ಮೇಲೆ ಬರೆಯುತ್ತದೆ, ಕಾಯುವುದಿಲ್ಲ. ಹೊಸ ಟಿವಿ ಮೊದಲು ಚಿತ್ರವನ್ನು ಅಂಕಿಗಳಾಗಿ ಬದಲಿಸಿ, ತನ್ನ ಅಳತೆಗೆ ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಆ ತಡ ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಗುಂಡಿ ಒತ್ತಿದ್ದು ಸರಿಯಾಗೇ ಇರುತ್ತದೆ, ಮಾರಿಯೋ ಮಾತ್ರ ಹೊಂಡದಲ್ಲಿ. ಬಾತುಕೋಳಿ ಹೊಡೆಯುವ ಆಟವಂತೂ ನಡೆಯುವುದೇ ಇಲ್ಲ. ಅದನ್ನು ಆಡುವ ಆಟಿಕೆ ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬರೀ ಬೆಳಕು ನೋಡುವ ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಅದೇ ಕ್ಷಣ ಆ ಬೆಳಕು ಕಂಡರೆ ಗುರಿ ಬಿತ್ತು ಅಂತ. ಹೊಸ ಟಿವಿಯಲ್ಲಿ ಬೆಳಕು ತಡವಾಗಿ ಬರುವುದರಿಂದ ಬಂದೂಕು ಕುರುಡಾಗುತ್ತದೆ.

ಇನ್ನು ಕರೆಂಟು. ಮಾರಿಯೋದಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ 32 ಹಂತ, ಉಳಿಸಿಟ್ಟುಕೊಳ್ಳುವ ಸೌಲಭ್ಯ ಇಲ್ಲ. ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಪೂರ್ತಿ ಆಡುವ ಧೈರ್ಯ ಯಾರಿಗಿತ್ತು? ಎರಡನೇ ಹಂತದ ಚಾವಣಿ ಮೇಲೆ ಓಡಿ ಪೈಪಿನಲ್ಲಿ ಇಳಿದು ನಾಲ್ಕನೇ ಲೋಕಕ್ಕೆ, ಅಲ್ಲಿಂದ ಇನ್ನೊಂದು ಗುಟ್ಟಿನ ಪೈಪಿನಲ್ಲಿ ಸೀದಾ ಎಂಟಕ್ಕೆ. ಬೇರೆ ಊರಿನವರಿಗೆ ಅದು ಜಾಣತನ ಇರಬಹುದು, ನಮಗೆ ಅನಿವಾರ್ಯ. ಮೊಬೈಲಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಉಳಿಸಬಹುದು. ಆ ಗಡಿಬಿಡಿಯೇ ಇಲ್ಲದ ಮೇಲೆ ಕೊನೆಯಲ್ಲಿ ಬಿಡಿಸಬೇಕಾದ ರಾಜಕುಮಾರಿ ಸಿಕ್ಕರೆ ಎಷ್ಟು, ಬಿಟ್ಟರೆ ಎಷ್ಟು, ಅಂತ ನನ್ನ ಅನಿಸಿಕೆ.

ಹಳೆಯ ಸೆಟ್ ಇಟ್ಟುಕೊಂಡವರಿಗೆ ಒಂದೆರಡು ಮಾತು. ಆಟದ ಕ್ಯಾಸೆಟ್ ಸೆಟ್ಟಿಗೆ ಹಾಕಿದಾಗ ಹಿಡಿಯದಿದ್ದರೆ ಬಾಯಿಂದ ಊದುವುದು ನಮ್ಮೆಲ್ಲರ ಚಟ. ಊದಿದ್ದಕ್ಕೆ ಹಿಡಿಯುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ ಹಿಡಿಯುತ್ತಿತ್ತು. ಬಾಯಿಯ ತೇವಕ್ಕೆ ಒಳಗಿನ ತಗಡಿನ ಹಲ್ಲು ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಾಕಿ. ಕೈಯಲ್ಲಿ ಹಿಡಿದು ಆಡುವ ರಿಮೋಟಿನ ಗುಂಡಿ ಕೆಲಸ ಮಾಡದಿದ್ದರೆ ಸ್ಟಾರ್ ಸ್ಕ್ರೂ ಬಿಚ್ಚಿ ನೋಡಿ. ಒಳಗೆ ರಬ್ಬರಿನ ತಳದಲ್ಲಿ ಕರಿ ಚುಕ್ಕೆ ಇರುತ್ತದೆ. ಅದು ಕೆಳಗಿನ ಬೋರ್ಡಿಗೆ ತಾಗಬೇಕು. ನಮ್ಮ ಊರಿನ ರಿಮೋಟುಗಳಲ್ಲಿ ಆ ಎರಡರ ನಡುವೆ ಮಂಡಕ್ಕಿ ಮೆಣಸಿನಕಾಯಿ ಎಣ್ಣೆ ಇರುವ ಸಾಧ್ಯತೆಯೇ ಜಾಸ್ತಿ.

ಸೆಟ್ಟುಗಳು ಇನ್ನೂ ಅಲ್ಲಿ ಇಲ್ಲಿ ಸಿಗುತ್ತವೆ, ಟಿವಿ ಸಿಗುವುದು ಕಷ್ಟ. ಮನೆ ಖಾಲಿ ಮಾಡುವಾಗ ಮೊದಲು ಗುಜರಿಗೆ ಹೋಗುವುದು ಅದೇ, ಅದೂ ತೂಕದ ಲೆಕ್ಕದಲ್ಲಿ. ನಿಮ್ಮ ಮನೆಯಲ್ಲಿ ಓಡುವ ಡಬ್ಬಾ ಟಿವಿ ಇದ್ದರೆ ದಯವಿಟ್ಟು ಕೊಡಬೇಡಿ. ಆಗಾಗ ಸ್ವಲ್ಪ ಹೊತ್ತು ಹಚ್ಚಿಡಿ. ಹಿಂದಿನ ಮುಚ್ಚಳ ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅಶೋಕ ರಸ್ತೆ ಕಡೆಯೋ ಮಂಡಿಪೇಟೆ ಕಡೆಯೋ ಹಳೆಯ ರಿಪೇರಿಯವರು ಯಾರಾದರೂ ಇದ್ದರೆ ಅವರ ಕೈಗೆ ಕೊಡಿ. ನನಗೆ ಸಿಕ್ಕವರು ಟಿವಿ ಸರಿ ಮಾಡಿದ ಮೇಲೆ ಚೆಕ್ ಮಾಡುವ ನೆಪದಲ್ಲಿ ಎರಡು ಲೈಫ್ ಆಡಿಯೇ ಕೊಟ್ಟರು.

ನಮಸ್ಕಾರ.