ಕೈಯಲ್ಲಿಲ್ಲದ ಷೇರು, ಲೆಕ್ಕದಲ್ಲಿರುವ ಮಾರಾಟ

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಅಡಿಕೆಯ ದುಡ್ಡಿನಲ್ಲಿ ಒಂದು ಪಾಲನ್ನು ಷೇರಿಗೆ ಹಾಕುವವರಿದ್ದಾರೆ. “ಈ ಷೇರಿನಲ್ಲಿ ಎರಡು ಲಕ್ಷ ಶಾರ್ಟ್ ಆಗಿದೆ, ಬೀಳುತ್ತೆ, ಮಾರಿಬಿಡಿ” ಎಂಬ ಸಂದೇಶ ಮೊಬೈಲಿಗೆ ಬಂದರೆ ಆ ಅಂಕಿಯನ್ನು ಹೇಗೆ ಓದಬೇಕು?

ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದೇ ಶಾರ್ಟ್ ಸೆಲ್ಲಿಂಗ್. ಮನೆಯಲ್ಲಿಲ್ಲದ ರಾಶಿ ಇಡಿ ಅಡಿಕೆಗೆ ಮಂಡಿಯಲ್ಲಿ ದರ ಒಪ್ಪಿಕೊಂಡ ಹಾಗೆ; ತೂಕದ ಹೊತ್ತಿಗೆ ಮೂಟೆ ತಂದಿಳಿಸಲೇಬೇಕು.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2024ರ ಜನವರಿ 5ರ ಸುತ್ತೋಲೆಯ ಪ್ರಕಾರ, ಮ್ಯೂಚುವಲ್ ಫಂಡಿನಂಥ ಸಂಸ್ಥೆಗಳು ಆರ್ಡರ್ ಹಾಕುವಾಗಲೇ ‘ಇದು ಶಾರ್ಟ್’ ಎಂದು ತಿಳಿಸಬೇಕು. ನಮ್ಮಂಥವರಿಗೆ ಆ ದಿನದ ವಹಿವಾಟು ಮುಗಿಯುವವರೆಗೆ ಸಮಯವಿದೆ. ಬ್ರೋಕರ್ ಇದನ್ನು ಷೇರುವಾರು ಒಟ್ಟುಮಾಡಿ, ಮರುದಿನದ ಪೇಟೆ ತೆರೆಯುವ ಮುನ್ನ ಎಕ್ಸ್‌ಚೇಂಜಿಗೆ, ಅಂದರೆ ಷೇರು ವಿನಿಮಯ ಕೇಂದ್ರಕ್ಕೆ, ಕೊಡುತ್ತಾರೆ. ಎಕ್ಸ್‌ಚೇಂಜ್ ಅದನ್ನು ವಾರಕ್ಕೊಮ್ಮೆ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ.

ಎಡವುವುದು ಇಲ್ಲೇ. ಸೋಮವಾರ ಎರಡು ಲಕ್ಷ ಷೇರು ಶಾರ್ಟ್ ಆಗಿ, ಬುಧವಾರ ಒಂದೂವರೆ ಲಕ್ಷವನ್ನು ವಾಪಸ್ ಕೊಂಡಿದ್ದರೂ ಸೋಮವಾರದ ಸಾಲಿನಲ್ಲಿ ಎರಡು ಲಕ್ಷವೇ ಇರುತ್ತದೆ. ಅದು ಮಾರಿದ ಲೆಕ್ಕ, ಬಾಕಿ ಉಳಿದದ್ದಲ್ಲ. ಅಮೆರಿಕದಲ್ಲಿ ಬ್ರೋಕರ್‌ಗಳ ಮೇಲೆ ನಿಗಾ ಇಡುವ ಸಂಸ್ಥೆ ಫಿನ್ರಾ ದಿನದ ಶಾರ್ಟ್ ಮಾರಾಟವನ್ನೂ, ತಿಂಗಳಿಗೆರಡು ಸಲ ಬಾಕಿಯನ್ನೂ ಬೇರೆಬೇರೆ ಪ್ರಕಟಿಸುತ್ತದೆ. ಅಲ್ಲೂ ಎರಡನ್ನು ಬೆರೆಸಿ ಓದುವವರಿದ್ದಾರೆ. ಎರಡು ಲಕ್ಷ ದೊಡ್ಡದೋ ಚಿಕ್ಕದೋ ಎಂಬುದು ಅದೇ ದಿನದ ಒಟ್ಟು ವಹಿವಾಟಿನ ಪಕ್ಕ ಇಟ್ಟಾಗಲೇ ಗೊತ್ತಾಗುವುದು. ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ದಿನಾಂಕಕ್ಕೆ ಒಪ್ಪಂದ ಮಾಡಿಕೊಂಡು, ಮಾರಿದ್ದು ಈ ಪಟ್ಟಿಯಲ್ಲಿ ಇರುವುದೂ ಇಲ್ಲ.

ವರದಿ ನಂಬಿ ನೀವೇ ಶಾರ್ಟ್ ಮಾಡುವುದಾದರೆ ಇನ್ನೊಂದು ವಿಷಯ. ಷೇರು ಎರವಲು ಪಡೆಯಲು ಎಸ್‌ಎಲ್‌ಬಿ (ಷೇರು ಸಾಲ ಕೊಡುವ-ಪಡೆಯುವ) ವ್ಯವಸ್ಥೆ 2008ರಿಂದ ಇದೆ. ಅಲ್ಲಿ ಪಡೆಯದಿದ್ದರೆ ಅದೇ ದಿನ ವಾಪಸ್ ಕೊಳ್ಳಬೇಕು. ದಿನಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಳಿಯಲು ಬಿಡದ ಸರ್ಕ್ಯೂಟ್ ಮಿತಿಯಿರುವ ಷೇರು 100ನ್ನು ತಲಾ 500 ರೂಪಾಯಿಗೆ ಮಾರಿದಿರಿ ಎನ್ನಿ. ಮಧ್ಯಾಹ್ನ ಅಪ್ಪರ್ ಸರ್ಕ್ಯೂಟ್ ಬಿತ್ತು, ಅಂದರೆ ಬೆಲೆ ಆ ದಿನದ ಮೇಲ್ಮಿತಿ ಮುಟ್ಟಿತು; ಕೊಳ್ಳೋಣವೆಂದರೆ ಮಾರುವವರೇ ಇಲ್ಲ. ಮರುದಿನ ಎಕ್ಸ್‌ಚೇಂಜ್ ಹರಾಜಿನಲ್ಲಿ ಷೇರು ಹುಡುಕುತ್ತದೆ. ಅಲ್ಲೂ ಸಿಗದಿದ್ದರೆ, ನೀವು ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಗರಿಷ್ಠ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯದ ಬೆಲೆಗೆ ಶೇಕಡ 20 ಸೇರಿಸಿದ ಮೊತ್ತ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ನಿಮ್ಮಿಂದ ವಸೂಲಿ ಮಾಡುತ್ತಾರೆ. ಗರಿಷ್ಠ 590, ಮುಕ್ತಾಯ 580 ಆಗಿದ್ದರೆ ದರ 696. ನೂರು ಷೇರಿಗೆ 19,600 ರೂಪಾಯಿ ನಷ್ಟ, ಮೇಲೆ ಬ್ರೋಕರ್ ಶುಲ್ಕ ಬೇರೆ.

ಆದ್ದರಿಂದ ಮಾರುವ ಮೊದಲೇ ಆ ಷೇರಿಗೆ ಸರ್ಕ್ಯೂಟ್ ಮಿತಿ ಎಷ್ಟೆಂದು ನೋಡಿ. ಶೇಕಡ 5 ಅಥವಾ 10 ಎಂದಿದ್ದರೆ ದಯವಿಟ್ಟು ಕೈಹಾಕಬೇಡಿ.