ಟ್ರೈಲರ್ ಕೊಂಡಿಯ ಆಟ

ಕೇಳುಗರೆಲ್ಲರಿಗೂ ನಮಸ್ಕಾರ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ, ರಾಯಬಾಗದ ಕಡೆ ರಸ್ತೆಗೆ ಹತ್ತಿಕೊಂಡು ಮನೆ ಇರುವವರಿಗೆ ರಾತ್ರಿಯಿಡೀ ಒಂದು ಸದ್ದು ಕೇಳಿಸುತ್ತಿರುತ್ತದೆ. ರಸ್ತೆಯುಬ್ಬಿನ ಹತ್ತಿರ ಚಾಲಕನು ವೇಗ ತಗ್ಗಿಸಿದಾಗ ಒಮ್ಮೆ, ದಾಟಿ ಮತ್ತೆ ಎಳೆದಾಗ ಇನ್ನೊಮ್ಮೆ, ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವಿನ ಕೊಂಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಅದು. ಹಿಂದೆ ಎರಡು ಟ್ರೈಲರ್ ಕಟ್ಟಿದ್ದರೆ ಒಂದರ ಬೆನ್ನಿಗೆ ಇನ್ನೊಂದು ಕೇಳುತ್ತದೆ. ಕಬ್ಬಿನ ಗಾಡಿ ಎಂದ ಮೇಲೆ ಇಷ್ಟು ಸದ್ದು ಇದ್ದದ್ದೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಅದರಲ್ಲಿ ಬಹುಪಾಲನ್ನು ಒಂದು ದಿನದ ಕೆಲಸದಲ್ಲಿ ನಿಲ್ಲಿಸಬಹುದು.

ಟ್ರೈಲರಿನ ಮುಂದೆ ಚಾಚಿದ ಎಳೆಗಂಬವಾದ ಮೂಕಿಯ ತುದಿಯಲ್ಲಿ ಒಂದು ಬಳೆ ಇರುತ್ತದೆ. ಅದನ್ನು ಟ್ರ್ಯಾಕ್ಟರಿನ ಕವಲುಕೊಂಡಿಯ ಎರಡು ದವಡೆಗಳ ನಡುವೆ ಇಟ್ಟು, ಎಲ್ಲಕ್ಕೂ ಸೇರಿ ಒಂದು ಪಿನ್ನು ತೂರಿಸುತ್ತಾರೆ. ಕೊಂಡಿ ಸಡಿಲವಾದಾಗ ನಮ್ಮ ಭಾಗದ ಮೆಕ್ಯಾನಿಕ್ಕುಗಳು 'ಪಿನ್ನಿಗೆ ಆಟ ಬಂದೈತಿ' ಎನ್ನುತ್ತಾರೆ. ಈ ಆಟದಲ್ಲಿ ಎರಡು ಬಗೆ ಇರುವುದನ್ನು ಮೊದಲು ತಿಳಿದುಕೊಳ್ಳಬೇಕು. ಹೊಲದ ಬದುವನ್ನು ಹತ್ತಿಳಿಯುವಾಗ, ಇಕ್ಕಟ್ಟಾದ ತಿರುವಿನಲ್ಲಿ ಹೊರಳುವಾಗ, ಒಂದು ಗಾಲಿ ತಗ್ಗಿಗೆ ಇಳಿದು ಟ್ರೈಲರ್ ಓರೆಯಾದಾಗ, ಕೊಂಡಿಯು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೊರಳಲೇಬೇಕು. ಅಷ್ಟು ಆಟವಿಲ್ಲದಿದ್ದರೆ ಪಿನ್ನು ಬಾಗುತ್ತದೆ, ಇಲ್ಲವೆ ಬಳೆ ಸೀಳುತ್ತದೆ. ಹಿಂದಕ್ಕೂ ಮುಂದಕ್ಕೂ ಓಡಾಡುವ ಆಟ ಬೇರೆಯದು. ಅದರಿಂದ ಯಾರಿಗೂ ಉಪಯೋಗವಿಲ್ಲ, ಕಡಿಮೆ ಮಾಡಬೇಕಾದದ್ದು ಅದನ್ನೇ.

ಮಹಾಲಿಂಗಪುರದ ಸಮೀಪದಲ್ಲಿರುವ ನಮ್ಮ ಅಣ್ಣನ ಟ್ರೈಲರಿನ ಪಿನ್ನನ್ನು ಒಂದು ಸಂಜೆ ಕಿತ್ತು, ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ಎರೆಮಣ್ಣಿನ ಧೂಳು, ಕಬ್ಬಿನ ಹಾಲು, ಹಳೆಯ ಗ್ರೀಸು ಮೂರೂ ಸೇರಿ ಕಪ್ಪು ಅಂಟಿನಂತೆ ಮೆತ್ತಿಕೊಂಡಿದ್ದವು. ಅದು ಹೋದ ಮೇಲೆ ಪಿನ್ನು ಬಳೆ ತಾಗುವ ನಡುವಿನಲ್ಲೂ ಕವಲಿನ ದವಡೆಗಳು ತಾಗುವ ಕಡೆಗಳಲ್ಲೂ ಒಂದೇ ಸಮ ಸವೆದಿರುವುದು ಕಂಡಿತು. ವರ್ನಿಯರ್ ಹಿಡಿದರೆ ಸವೆದ ಕಡೆ 25 ಮಿಲಿಮೀಟರ್ ಇತ್ತು. ಟ್ರ್ಯಾಕ್ಟರಿನ ಕವಲುಕೊಂಡಿಯ ತೂತು 28, ಟ್ರೈಲರಿನ ಮೂಕಿಯ ಬಳೆಯ ತೂತು ಉದ್ದುದ್ದಕ್ಕೆ ಹಿಗ್ಗಿ 40 ಆಗಿತ್ತು. ಈಗ ಲೆಕ್ಕ ಹಾಕಿ: ಕವಲಿನಲ್ಲಿ 3, ಬಳೆಯಲ್ಲಿ 15, ಒಟ್ಟು 18 ಮಿಲಿಮೀಟರ್, ಎಂದರೆ ಹತ್ತಿರ ಹತ್ತಿರ ಒಂದು ಹೆಬ್ಬೆರಳಿನಗಲದಷ್ಟು ದೂರ ಟ್ರೈಲರ್ ಯಾವ ತಡೆಯೂ ಇಲ್ಲದೆ ಓಡಿಬಂದು ಟ್ರ್ಯಾಕ್ಟರಿಗೆ ಬಡಿಯುತ್ತಿತ್ತು.

ಆ ಬಡಿತದ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಚಾಲಕನು ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್ ನಿಧಾನವಾಗುತ್ತದೆ. ಬ್ರೇಕಿಲ್ಲದ ಟ್ರೈಲರ್ ಮಾತ್ರ ಹಳೆಯ ವೇಗದಲ್ಲೇ ಸಾಗುತ್ತದೆ, ಮತ್ತು ನಡುವಿನ ಸಂದು ಮುಚ್ಚುವವರೆಗೆ ಎರಡರ ವೇಗಗಳ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಸಂದು ದೊಡ್ಡದಾದಷ್ಟೂ ಹೊಡೆತ ದೊಡ್ಡದು. ಬ್ರೇಕಿನ ಹಿಡಿತ ಅಷ್ಟೇ ಇದ್ದರೆ ಹೊಡೆತದಲ್ಲಿರುವ ಶಕ್ತಿಯು ಸಂದಿನ ಉದ್ದಕ್ಕೆ ಅನುಗುಣವಾಗಿ ಏರುತ್ತದೆ, ಆದುದರಿಂದ 4 ಮಿಲಿಮೀಟರ್ ಆಟವಿರುವ ಕೊಂಡಿಗಿಂತ 18 ಮಿಲಿಮೀಟರ್ ಆಟವಿರುವ ಕೊಂಡಿಯು ನಾಲ್ಕೂವರೆ ಪಟ್ಟು ಪೆಟ್ಟನ್ನು ತಿನ್ನುತ್ತದೆ. ಪೆಟ್ಟು ತೂತನ್ನು ಹಿಗ್ಗಿಸುತ್ತದೆ, ಹಿಗ್ಗಿದ ತೂತು ಪೆಟ್ಟನ್ನು ಹೆಚ್ಚಿಸುತ್ತದೆ. ಹಂಗಾಮಿನ ಆರಂಭದಲ್ಲಿ ತುಸುವೇ ಇದ್ದ ಆಟ ಕೊನೆಯ ಹೊತ್ತಿಗೆ ಏಕಾಏಕಿ ಬೆಳೆದಂತೆ ತೋರುವುದು ಇದೇ ಕಾರಣಕ್ಕೆ.

ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಉಪಾಯಗಳಲ್ಲಿ ಕೆಲವನ್ನು ಕೈಬಿಡಲೇಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಳೆಯ ಟೈರಿನ ತುಂಡನ್ನೋ ಗೋಣಿತಟ್ಟನ್ನೋ ಸಂದಿಗೆ ತುರುಕಿದರೆ ಸದ್ದು ಅಡಗುತ್ತದೆ, ಆಟ ಹಾಗೆಯೇ ಉಳಿಯುತ್ತದೆ. ಎಚ್ಚರಿಸುತ್ತಿದ್ದ ದನಿಯನ್ನು ನಾವೇ ಮುಚ್ಚಿದಂತಾಗುತ್ತದೆ. ಕಟ್ಟಡಕ್ಕೆ ತಂದ ಸರಳಿನ ತುಂಡನ್ನು ಪಿನ್ನಾಗಿ ಬಳಸುವುದು ಇನ್ನೂ ಅಪಾಯಕರ, ಏಕೆಂದರೆ ಅದರ ಮೈಮೇಲಿನ ಏಣುಗಳು ತೂತನ್ನು ಅರದಂತೆ ಉಜ್ಜುತ್ತವೆ ಮತ್ತು ಅಡ್ಡ ಪೆಟ್ಟಿಗೆ ಸರಳು ಬಾಗುತ್ತದೆ. ಸವೆದ ಪಿನ್ನಿನ ಮೇಲೆ ವೆಲ್ಡಿಂಗ್ ಮಾಡಿ ದಪ್ಪ ಮಾಡಿಸುವವರೂ ಇದ್ದಾರೆ. ಗಟ್ಟಿ ಉಕ್ಕಿನಲ್ಲಿ ವೆಲ್ಡಿಂಗಿನ ಕಾವು ತಾಗಿದ ಅಂಚು ಪೆಡಸಾಗುತ್ತದೆ, ಪಿನ್ನು ಸುಳಿವೇ ಕೊಡದೆ ಅಲ್ಲಿಂದಲೇ ತುಂಡಾಗಬಹುದು. ಗ್ರೀಸಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಗ್ರೀಸು ಸವೆತವನ್ನು ನಿಧಾನಿಸುತ್ತದೆಯೇ ಹೊರತು ಬಂದ ಆಟವನ್ನು ತುಂಬಿಕೊಡುವುದಿಲ್ಲ. ಧೂಳು ಕುಳಿತ ಹಳೆಯ ಗ್ರೀಸಿನ ಮೇಲೆ ಹೊಸದನ್ನು ಬಳಿದರೆ ಅದು ಸಾಣೆಯ ಪುಡಿಯಂತೆ ಕಬ್ಬಿಣವನ್ನು ತಿನ್ನುತ್ತದೆ. ಒರೆಸಿ, ತೊಳೆದು, ಆಮೇಲೆ ಹಚ್ಚಬೇಕು.

ಅಣ್ಣನ ಟ್ರೈಲರಿಗೆ ನಾವು ಮಾಡಿಸಿದ್ದು ಇಷ್ಟು. ಬೆಳಗಾವಿಯ ಉದ್ಯಮಬಾಗದ ಒಂದು ಲೇತಿನಲ್ಲಿ ಇಎನ್ 8 ಎಂಬ ಮಧ್ಯಮ ಇಂಗಾಲದ ಉಕ್ಕಿನಿಂದ 27 ಮಿಲಿಮೀಟರಿನ ಹೊಸ ಪಿನ್ನು ಕಡೆಸಿದೆವು. ಬಳೆಯ ಹಿಗ್ಗಿದ ತೂತನ್ನು ದುಂಡಗೆ ಕೊರೆಸಿ, ಒಳಗೆ 30 ಮಿಲಿಮೀಟರ್ ತೂತಿನ ಉಕ್ಕಿನ ಬುಷ್ ಕೂರಿಸಿ, ಕೊಂಡಿ ಹೊರಳಲೆಂದು ಬುಷ್‌ನ ಮೇಲಂಚು ಕೆಳಂಚುಗಳನ್ನು ಗುಂಡಗೆ ಮಾಡಿಸಿದೆವು. ಈಗ ಕವಲಿನಲ್ಲಿ 1, ಬಳೆಯಲ್ಲಿ 3, ಒಟ್ಟು 4 ಮಿಲಿಮೀಟರ್ ಆಟ. ಕವಲಿನ ಎರಡು ದವಡೆಗಳ ನಡುವೆ ಬಳೆಯು ಮೇಲೆ ಕೆಳಗೆ ಕುಣಿಯುತ್ತಿದ್ದುದಕ್ಕೆ ಎರಡೂ ಕಡೆ ದಪ್ಪ ವಾಷರ್ ಹಾಕಿದೆವು, ಆದರೆ ಪೂರ್ತಿ ಬಿಗಿಯಾಗದಂತೆ, ಮೂಕಿ ಏರಿಳಿಯಲು ಜಾಗ ಬಿಟ್ಟು. ಪಿನ್ನಿನ ತುದಿಯಲ್ಲಿ ಮೊದಲು ಸುತ್ತಿದ್ದ ತಂತಿಯನ್ನು ಎಸೆದು ಸ್ಪ್ರಿಂಗಿನ ಲಿಂಚ್ ಪಿನ್ನು ಹಾಕಿದೆವು. ಬಂಡಿಯ ಕಾಲದಲ್ಲಿ ಕಡಗೀಲು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಆ ಸಣ್ಣ ಪಿನ್ನು ಮಾಡುತ್ತದೆ, ಅದನ್ನು ತಂತಿಗೆ ವಹಿಸಬಾರದು. ಪಿನ್ನು ಜಾರಿದರೂ ಟ್ರೈಲರ್ ಬೇರ್ಪಟ್ಟು ಓಡದಂತೆ ಒಂದು ಕಾವಲು ಸರಪಳಿಯೂ ಇದೆ.

ಇಷ್ಟಾದ ಮೇಲೂ ಸದ್ದು ಉಳಿದರೆ ಬೇರೆ ಕೀಲುಗಳನ್ನು ನೋಡಬೇಕು. ನಾಲ್ಕು ಗಾಲಿಯ ಟ್ರೈಲರಿನಲ್ಲಿ ಮೂಕಿಯ ಬುಡದ ಪಿನ್ನುಗಳು ಮತ್ತು ಮುಂದಿನ ಅಚ್ಚು ತಿರುಗುವ ಚಕ್ರತಟ್ಟೆ ಸವೆಯುತ್ತವೆ. ಟ್ರ್ಯಾಕ್ಟರಿನ ಕಡೆ ಕೊಂಡಿಯನ್ನು ಹಿಡಿದಿರುವ ಬೋಲ್ಟುಗಳು ಸಡಿಲವಾಗುತ್ತವೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಎಲ್ಲ ಗಾಲಿಗಳಿಗೆ ಕಲ್ಲು ಕೊಟ್ಟು, ಹಾರೆಯಿಂದ ಒಂದೊಂದೇ ಕೀಲನ್ನು ಮೀಟಿದರೆ ಎಲ್ಲಿ ಎಷ್ಟು ಆಟವಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ತೂತುಗಳು ಸರಿಯಾಗಿ ಕೂಡಿದವೇ ಎಂದು ಬೆರಳು ತೂರಿಸಿ ನೋಡುವ ಅಭ್ಯಾಸ ಅನೇಕರಿಗೆ ಇದೆ. ದಯವಿಟ್ಟು ಅದನ್ನು ಎಂದಿಗೂ ಮಾಡಬೇಡಿ. ಹೇರು ತುಂಬಿದ ಟ್ರೈಲರ್ ಅರ್ಧ ಇಂಚು ಜರುಗಿದರೂ ಬೆರಳು ಉಳಿಯುವುದಿಲ್ಲ. ಹಾಗೆಯೇ, ಸಡಿಲವಾದ ಕೊಂಡಿಯನ್ನು ಬಿಟ್ಟು ಟ್ರ್ಯಾಕ್ಟರಿನ ಮೇಲಿನ ಲಿಂಕಿನ, ಎಂದರೆ ನೇಗಿಲಿನಂಥ ಉಪಕರಣಗಳ ಮೇಲ್ತುದಿಯನ್ನು ಹಿಡಿಯುವ ಕೊಂಡಿಯ ಜಾಗಕ್ಕೆ ಟ್ರೈಲರ್ ಕಟ್ಟುವುದೂ ಬೇಡ. ಅಷ್ಟು ಎತ್ತರದಿಂದ ಎಳೆದಾಗ ಮುಂದಿನ ಗಾಲಿಗಳು ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು.

ಜೀಪು, ಪಿಕಪ್‌ಗಳಿಗೆ ಸಣ್ಣ ಟ್ರೈಲರ್ ಕಟ್ಟುವವರಿಗೂ ಒಂದು ಮಾತು. ಚೌಕ ಕೊಳವೆಯೊಳಗೆ ಕೂರುವ ಕೊಂಡಿ ಗಲಗಲ ಎನ್ನುತ್ತಿದ್ದರೆ ಯು ಬೋಲ್ಟಿನ ಬಿಗಿಪಟ್ಟಿ ಹಾಕಿ ಅದನ್ನು ಕೊಳವೆಯ ಒಂದು ಗೋಡೆಗೆ ಒತ್ತಿ ಹಿಡಿಸಿದರೆ ಸಾಕು. 50 ಮಿಲಿಮೀಟರಿನ ಗುಂಡು ಇರುವಂಥದಾದರೆ, ಅದು ಸವೆದು 49ಕ್ಕೆ ಇಳಿದ ದಿನ ಬದಲಿಸಬೇಕು.

ಹೊಸ ಪಿನ್ನು ಹಾಕಿದ ಮೇಲೆ ಮೊದಲ ಎರಡು ಮೂರು ಹೇರುಗಳಾದೊಡನೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಏಕೆಂದರೆ ಹೊಸ ಮೈಗಳು ಒಂದಕ್ಕೊಂದು ಕೂಡಿಕೊಳ್ಳುವಾಗ ಅವು ತುಸು ಸಡಿಲುತ್ತವೆ. ನಮ್ಮ ಅಣ್ಣ ಈಗ ವಾರಕ್ಕೊಮ್ಮೆ, ಕಾರ್ಖಾನೆಯ ಸರದಿಯಲ್ಲಿ ಗಾಡಿ ನಿಂತಿರುವಾಗ, ಪಿನ್ನನ್ನು ಬಟ್ಟೆಯಿಂದ ಒರೆಸಿ, ಅದರ ನಡುವಿಗೆ ವರ್ನಿಯರ್ ಹಿಡಿದು, ಬಂದ ಅಳತೆಯನ್ನು ಮಡ್‌ಗಾರ್ಡಿನ ಒಳಮೈಗೆ ಸೀಮೆಸುಣ್ಣದಿಂದ ಬರೆದಿಡುತ್ತಾನೆ. ನಮಸ್ಕಾರ.